ಎಂಟ್ರಿ ಲೆವೆಲ್ ಕ್ಯಾಮೆರಾ ಹಿಡಿದು ಫೋಟೋಗ್ರಫಿ ಕಸುಬು ಮಾಡಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ ಹತ್ತಿರ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಉಪನಯನ, ಗೃಹಪ್ರವೇಶ, ಹೋಂಸ್ಟೇ, ಯಕ್ಷಗಾನ, ಹೀಗೆ ಬಂದ ಕೆಲಸವನ್ನೆಲ್ಲ ಮಾಡುತ್ತೇನೆ. ಕಸುಬು ಶುರು ಮಾಡಿದ್ದು 2019ರಲ್ಲಿ. ಆಗ ಕೈಯಲ್ಲಿದ್ದದ್ದು ಕ್ಯಾನನ್ 1500ಡಿ ಮತ್ತು ಅದರ ಜೊತೆ ಬಂದ ಕಿಟ್ ಲೆನ್ಸ್ ಅಷ್ಟೇ. ಈಗ ಈ ದಾರಿಗೆ ಬರುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಅವರಲ್ಲಿ ಎಷ್ಟೋ ಜನ ಸಾಲ ಮಾಡಿ ಕ್ಯಾಮೆರಾ ಕೊಳ್ಳುವವರು. ಅವರ ದುಡ್ಡು ಸರಿಯಾದ ಕಡೆ ಹೋಗಲಿ ಅಂತ ಬರೆದಿದ್ದೇನೆ.

ಎಂಟ್ರಿ ಲೆವೆಲ್ ಅಂದರೆ ಯಾವ ಕ್ಯಾಮೆರಾಗಳು?

ಹೊಸಬರಿಗೆಂದು ಕಂಪನಿಗಳು ಮಾಡುವ ಕಡಿಮೆ ಬೆಲೆಯವು. ಡಿಎಸ್‌ಎಲ್‌ಆರ್‌ನಲ್ಲಿ (ಒಳಗೆ ಕನ್ನಡಿ ಇರುವ ಬಗೆ) ಕ್ಯಾನನ್ 1500ಡಿ, 3000ಡಿ, 200ಡಿ ಮಾರ್ಕ್ 2, ನಿಕಾನ್ ಡಿ3500. ಮಿರರ್‌ಲೆಸ್‌ನಲ್ಲಿ (ಕನ್ನಡಿ ಇಲ್ಲದ ಹೊಸ ಬಗೆ) ಕ್ಯಾನನ್ ಆರ್100, ಆರ್50, ನಿಕಾನ್ ಝಡ್30, ಸೋನಿ ಝಡ್‌ವಿ-ಇ10. ಇವೆಲ್ಲದರಲ್ಲೂ ಇರುವುದು ಎಪಿಎಸ್-ಸಿ ಸೆನ್ಸರ್ (ಬೆಳಕನ್ನು ಹಿಡಿದು ಫೋಟೋ ಮಾಡುವ ಭಾಗ), ಅಂದರೆ ದುಬಾರಿ ಕ್ಯಾಮೆರಾಗಳಲ್ಲಿರುವ ದೊಡ್ಡ ಫುಲ್ ಫ್ರೇಮ್ ಸೆನ್ಸರ್‌ಗಿಂತ ಚಿಕ್ಕದು. ಕೊನೆಯ ಎರಡರಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರೇ ಇಲ್ಲ. ಬಿಸಿಲಲ್ಲಿ ದಿಬ್ಬಣದ ಫೋಟೋ ತೆಗೆಯುವಾಗ ಬರೀ ಪರದೆ ನೋಡಿಕೊಂಡು ಕೆಲಸ ಮಾಡುವುದು ಕಷ್ಟ. ಕೊಳ್ಳುವ ಮೊದಲು ಅದನ್ನು ಯೋಚಿಸಿ.

ಸುತ್ತಿ ಬಳಸದೆ ಹೇಳಿ, ಕಸುಬಿಗೆ ಆಗುತ್ತಾ ಇಲ್ವಾ?

ನಾನು ಕೆಲಸಗಳನ್ನು ಎರಡಾಗಿ ನೋಡುತ್ತೇನೆ. ಮತ್ತೊಮ್ಮೆ ತೆಗೆಯಬಹುದಾದ ಫೋಟೋ, ಮತ್ತೆ ತೆಗೆಯಲಾಗದ ಫೋಟೋ. ಸೀರೆ ಅಂಗಡಿಯ ಸೀರೆ ನಾಳೆಯೂ ಅಲ್ಲೇ ಇರುತ್ತದೆ. ತಾಳಿ ಕಟ್ಟುವ ಗಳಿಗೆ ಇರುವುದಿಲ್ಲ. ಮೊದಲ ಬಗೆಯ ಕೆಲಸಕ್ಕೆ ಎಂಟ್ರಿ ಲೆವೆಲ್ ಕ್ಯಾಮೆರಾ ಧಾರಾಳ ಸಾಕು. ಎರಡನೆಯದಕ್ಕೂ ಬಳಸಬಹುದು, ಆದರೆ ಅದೊಂದನ್ನೇ ನಂಬಿ ಹೋಗಬೇಡಿ. ಕೆಳಗಿನ ಉತ್ತರಗಳಲ್ಲೆಲ್ಲ ನಾನು ಹೇಳುವುದು ಹೆಚ್ಚಾಗಿ ಈ ಮಾತಿನ ವಿವರವನ್ನೇ.

ದೊಡ್ಡ ಆಲ್ಬಂ ಮಾಡಿಸಿದರೆ ಫೋಟೋ ಒಡೆಯುವುದಿಲ್ಲವಾ?

ಇಲ್ಲ. ಲೆಕ್ಕ ಹಾಕಿ ನೋಡಿ. ಈಗ ಎಲ್ಲರೂ ಕೇಳುವ 12×36 ಆಲ್ಬಂ ಬಿಚ್ಚಿಟ್ಟರೆ 36 ಇಂಚು ಅಗಲ, 12 ಇಂಚು ಎತ್ತರ. ಒಂದು ಬದಿಯ ಪುಟ 18×12 ಇಂಚು. ಇಂಚಿಗೆ 300 ಚುಕ್ಕಿಯಂತೆ ಅಚ್ಚು ಹಾಕಿದರೆ 5400×3600 ಪಿಕ್ಸೆಲ್ ಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾ ಕೊಡುವುದು 6000×4000. ಪುಟ ತುಂಬ ಒಂದೇ ಫೋಟೋ ಹಾಕಿದರೂ ಮಿಗುತ್ತದೆ. ಎರಡೂ ಪುಟ ಸೇರಿಸಿ ಒಂದೇ ಫೋಟೋ ಹರಡಿದರೆ ಇಂಚಿಗೆ ಸುಮಾರು 166 ಚುಕ್ಕಿ ಸಿಗುತ್ತದೆ. ತೊಡೆ ಮೇಲೆ ಆಲ್ಬಂ ಇಟ್ಟುಕೊಂಡು ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದು ಕಡಿಮೆ. ಆಲ್ಬಂನಲ್ಲಿ ಫೋಟೋ ಮಸುಕಾಗಿ ಬಂದಿದ್ದರೆ ಕೈ ಅಲುಗಿತ್ತಾ, ಫೋಕಸ್ ತಪ್ಪಿತ್ತಾ, ಜಾಸ್ತಿ ಕತ್ತರಿಸಿದಿರಾ ಅಂತ ನೋಡಿಕೊಳ್ಳಿ. ಕಾರಣ ಅಲ್ಲಿರುತ್ತದೆ.

ಹಾಗಾದರೆ ಮದುವೆ ಮನೆಯಲ್ಲಿ ಇದು ಎಲ್ಲಿ ಕೈ ಕೊಡುತ್ತದೆ?

ಬೆಳಕು ಕಡಿಮೆ ಇರುವ ಕಡೆ. ನಮ್ಮ ಕಡೆ ಈಗಲೂ ಎಷ್ಟೋ ಮದುವೆ, ಉಪನಯನ ಮನೆ ಅಂಗಳದ ಚಪ್ಪರದಲ್ಲೇ ನಡೆಯುತ್ತವೆ. ಒಳಗಿನ ಕಾರ್ಯ ಜಗುಲಿಯಲ್ಲೋ ನಡುಮನೆಯಲ್ಲೋ. ಒಂದೇ ಕಿಟಕಿ, ಹೋಮದ ಹೊಗೆ, ಸುತ್ತ ನೆಂಟರು. ಕಿಟ್ ಲೆನ್ಸನ್ನು 55 ಎಂಎಂಗೆ ಎಳೆದರೆ ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಿಂಡಿ, ಎಫ್/5.6ಕ್ಕಿಂತ ತೆರೆಯುವುದಿಲ್ಲ (ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಅಂಕಿ) 3200ಕ್ಕೆ ಏರಿಸಿದರೂ ಅಂಥ ಕೋಣೆಯಲ್ಲಿ ಶಟರ್ ವೇಗ ಸೆಕೆಂಡಿನ 1/30ಕ್ಕೆ ಇಳಿದುಬಿಡುತ್ತದೆ. ಆಗ ಧಾರೆ ಎರೆಯುವ ಕೈ, ಅಕ್ಷತೆ ಹಾಕುವ ಕೈ ಎಲ್ಲ ಮಸುಕು.

ಎರಡನೇ ತೊಂದರೆ ಫೋಕಸ್. 1500ಡಿಯಲ್ಲಿ ಫೋಕಸ್ ಬಿಂದು ಒಂಬತ್ತೇ, ಅದರಲ್ಲೂ ಕ್ರಾಸ್ ಟೈಪ್ (ಅಡ್ಡ, ಉದ್ದ ಎರಡೂ ಗೆರೆಗಳನ್ನು ಗುರುತಿಸಿ ಗಟ್ಟಿಯಾಗಿ ಫೋಕಸ್ ಹಿಡಿಯುವುದು) ಇರುವುದು ನಡುವಿನದು ಮಾತ್ರ. ಮಂದ ಬೆಳಕಲ್ಲಿ ಅಂಚಿನ ಬಿಂದುಗಳು ತಡಕಾಡುತ್ತವೆ. ಅಂತರಪಟ ಸರಿಸುವ ಕ್ಷಣಕ್ಕೆ ಕಾದು ನಿಂತಿರುತ್ತೀರಿ, ಲೆನ್ಸ್ ಹಿಂದೆ ಮುಂದೆ ಹೋಗುತ್ತಲೇ ಇರುತ್ತದೆ. ನಾನು ಕಂಡುಕೊಂಡ ದಾರಿ ಇದು: ನಡುವಿನ ಬಿಂದು ಒಂದನ್ನೇ ಇಟ್ಟುಕೊಳ್ಳಿ. ಪಟ ಸರಿಯುವ ಮೊದಲೇ ವಧುವಿನ ಪಕ್ಕ ನಿಂತವರ ಮುಖಕ್ಕೋ ಸೀರೆಯ ಜರಿಗೋ, ಅಷ್ಟೇ ದೂರದಲ್ಲಿ ಇರುವ ಏನಕ್ಕಾದರೂ ಫೋಕಸ್ ಹಿಡಿದು ಕಾಯಿರಿ. ಸೆಕೆಂಡಿಗೆ ಮೂರೇ ಫೋಟೋ ಬರುವ ಕ್ಯಾಮೆರಾ ಅದು. ಬಟನ್ ಒತ್ತಿ ಹಿಡಿದು ನಂತರ ಆರಿಸಿಕೊಳ್ಳುತ್ತೇನೆ ಅಂದರೆ ಆಗುವುದಿಲ್ಲ. ಶಾಸ್ತ್ರದ ಕ್ರಮ ಗೊತ್ತಿರಬೇಕು. ಮುಂದೆ ಏನು ಅಂತ ಪುರೋಹಿತರನ್ನು ಮೊದಲೇ ಕೇಳಿಟ್ಟುಕೊಂಡರೆ ಅವರು ಸಂತೋಷದಿಂದ ಹೇಳುತ್ತಾರೆ.

ಇನ್ನೊಂದು ಚಪ್ಪರದ ಬಟ್ಟೆ. ಮೇಲೆ ಕೆಂಪು ಬಟ್ಟೆ ಕಟ್ಟಿದ್ದರೆ ಎಲ್ಲರ ಮುಖವೂ ಕೆಂಪು, ನೀಲಿ ತಾಡಪಾಲು ಇದ್ದರೆ ಎಲ್ಲರೂ ನೀಲಿ. ಇದು ಎಷ್ಟು ದುಬಾರಿ ಕ್ಯಾಮೆರಾದಲ್ಲೂ ಆಗುತ್ತದೆ. ರಾ ಫೈಲ್‌ನಲ್ಲೇ (ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸುವ ಫೈಲ್) ತೆಗೆಯಿರಿ, ಬಿಳಿ ಪಂಚೆ ನೋಡಿ ಬಣ್ಣ ಸರಿಪಡಿಸಿ. ಜೆಪೆಗ್‌ನಲ್ಲಿ ತೆಗೆದರೆ ಆ ಕೆಂಪು ಪೂರ್ತಿ ಹೋಗುವುದಿಲ್ಲ.

ಕಲ್ಯಾಣ ಮಂಟಪದಲ್ಲಿ ಫೋಟೋಗೆ ಅಡ್ಡ ಪಟ್ಟೆ ಬರುತ್ತದೆ. ಕ್ಯಾಮೆರಾ ಕೆಟ್ಟಿದೆಯಾ?

ಕೆಟ್ಟಿಲ್ಲ. ನಮ್ಮ ಕರೆಂಟು 50 ಹರ್ಟ್ಸ್. ಸಾದಾ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಶಟರ್ 1/100 ಅಥವಾ 1/50ಕ್ಕೆ ಇಟ್ಟರೆ ಪಟ್ಟೆ ಹೆಚ್ಚಿನ ಕಡೆ ಹೋಗುತ್ತದೆ. ಮಿರರ್‌ಲೆಸ್ ಇದ್ದವರು ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿಕೊಂಡಿದ್ದರೆ ತೆಗೆಯಿರಿ, ಪಟ್ಟೆ ಅದರಲ್ಲೇ ಜಾಸ್ತಿ.

ಮೊದಲು ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಬದಲಿಸಲಾ, ಲೆನ್ಸ್ ತಗೊಳ್ಳಲಾ?

ಲೆನ್ಸ್. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಎಫ್/5.6ರಿಂದ ಎಫ್/1.8ಕ್ಕೆ ಹೋದರೆ ಹೆಚ್ಚುಕಮ್ಮಿ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಮೇಲೆ ಹೇಳಿದ ಅದೇ ಕೋಣೆಯಲ್ಲಿ 1/30 ಇದ್ದ ಶಟರ್ 1/250 ದಾಟುತ್ತದೆ. ಬಾಡಿ ಬದಲಿಸಿ ಇಷ್ಟು ಲಾಭ ಪಡೆಯಬೇಕೆಂದರೆ ಎಷ್ಟೋ ಪಟ್ಟು ದುಡ್ಡು ಸುರಿಯಬೇಕು.

ಎಲ್ಲರೂ ಮೊದಲು ಕೊಳ್ಳುವುದು 50 ಎಂಎಂ ಎಫ್/1.8. ಒಳ್ಳೆಯ ಲೆನ್ಸ್, ಕ್ಯಾನನ್‌ನದು ಬರೀ 160 ಗ್ರಾಂ. ಆದರೆ ನೆನಪಿಡಿ, ಕ್ಯಾನನ್‌ನ ಚಿಕ್ಕ ಸೆನ್ಸರಲ್ಲಿ ಅದು 80 ಎಂಎಂ ಥರ ಕೆಲಸ ಮಾಡುತ್ತದೆ. ಸಣ್ಣ ಕೋಣೆಯಲ್ಲಿ ಹಿಂದೆ ಹಿಂದೆ ಹೋಗಿ ಬೆನ್ನು ಗೋಡೆಗೆ ತಾಗಿದರೂ ನಾಲ್ಕು ಜನ ಚೌಕಟ್ಟಿನಲ್ಲಿ ಹಿಡಿಯುವುದಿಲ್ಲ. ಮುಖದ ಫೋಟೋಗೆ 50, ಮನೆಯೊಳಗಿನ ಕಾರ್ಯಕ್ಕೆ ಕ್ಯಾನನ್ 24 ಎಂಎಂ ಎಫ್/2.8. ಒಂದೇ ಲೆನ್ಸಲ್ಲಿ ಮುಗಿಸಬೇಕು ಅಂದರೆ ಸಿಗ್ಮಾ ಅಥವಾ ಟ್ಯಾಮ್ರಾನ್‌ನ 17-50 ಎಂಎಂ ಎಫ್/2.8 ಸೆಕೆಂಡ್ ಹ್ಯಾಂಡ್ ಹುಡುಕಿ. ಚಿಕ್ಕ ಸೆನ್ಸರ್ ಡಿಎಸ್‌ಎಲ್‌ಆರ್ ಹಿಡಿದು ಮದುವೆ ಮಾಡುವವರಿಗೆ ನಾನು ಮೊದಲು ಹೇಳುವ ಲೆನ್ಸ್ ಅದೇ.

ನಿಕಾನ್‌ನವರಿಗೆ ಒಂದು ಎಚ್ಚರಿಕೆ. ಡಿ3500, ಡಿ5600 ಬಾಡಿಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಅಗ್ಗ ಅಂತ 50 ಎಂಎಂ ಎಫ್/1.8ಡಿ ತಂದರೆ ಆಟೋಫೋಕಸ್ ಆಗುವುದಿಲ್ಲ, ಕೈಯಲ್ಲೇ ತಿರುಗಿಸಬೇಕು. ಹೆಸರಿನಲ್ಲಿ ಎಎಫ್-ಎಸ್ ಅಂತ ಇರುವುದನ್ನೇ ಕೊಳ್ಳಿ. ಹಾಗೆ ಮೋಸಹೋದ ಇಬ್ಬರು ನನಗೇ ಗೊತ್ತು.

ಕ್ಯಾಮೆರಾದಲ್ಲೇ ಇರುವ ಫ್ಲ್ಯಾಶ್ ಸಾಕಾ?

ಸಾಲದು. ಮುಖ ಚಪ್ಪಟೆ, ಹಿಂದೆ ಗೋಡೆ ಮೇಲೆ ಕರೀ ನೆರಳು, ಹಣೆಯ ಬೆವರು ಹೊಳೆಯುತ್ತದೆ. ಲೆನ್ಸ್ ಆದ ಮೇಲೆ ಎರಡನೇ ಖರ್ಚು ತಲೆ ತಿರುಗುವ ಹೊರಗಿನ ಫ್ಲ್ಯಾಶ್‌ಗೆ ಮಾಡಿ. ಬಿಳಿ ಸೀಲಿಂಗಿಗೆ ಬೆಳಕು ಹೊಡೆಸಿ ಕೆಳಗಿಳಿಸಿದರೆ ಕಿಟಕಿ ಬೆಳಕಿನಷ್ಟು ಮೃದುವಾಗಿರುತ್ತದೆ. ಹಳೇ ಮಲೆನಾಡ ಮನೆಗಳಲ್ಲಿ ಮಾತ್ರ ಇದು ನಡೆಯುವುದಿಲ್ಲ. ಮರದ ಮುಚ್ಚಿಗೆ ಬೆಳಕನ್ನು ನುಂಗಿಬಿಡುತ್ತದೆ, ವಾಪಸ್ ಬಂದ ಚೂರುಪಾರೂ ಕಂದು ಬಣ್ಣಕ್ಕಿರುತ್ತದೆ. ಅಲ್ಲಿ ಪಕ್ಕದ ಸುಣ್ಣದ ಗೋಡೆಗೆ ಹೊಡೆಸಿ. ಗೋಡೆಯೂ ದೂರ ಇದ್ದರೆ ಯಾರಾದರೊಬ್ಬರ ಕೈಯಲ್ಲಿ ಬಿಳಿ ಥರ್ಮೋಕೋಲ್ ಹಾಳೆ ಹಿಡಿಸಿ.

ಕ್ಯಾನನ್ 1500ಡಿ, 3000ಡಿ, 200ಡಿ ಮಾರ್ಕ್ 2 ಇದ್ದವರು ಇದನ್ನು ಓದಲೇಬೇಕು. ಈ ಬಾಡಿಗಳ ಹಾಟ್ ಶೂ (ಮೇಲೆ ಫ್ಲ್ಯಾಶ್ ಕೂರಿಸುವ ಜಾಗ) ನಡುವಿನ ಪಿನ್ನನ್ನು ಕಂಪನಿ ತೆಗೆದುಬಿಟ್ಟಿದೆ. ಅದೊಂದೇ ಪಿನ್ನಿನ ಮೇಲೆ ನಡೆಯುವ ಹಳೇ ಸ್ಟುಡಿಯೋ ಟ್ರಿಗರ್, ಅಗ್ಗದ ಮ್ಯಾನುವಲ್ ಫ್ಲ್ಯಾಶ್ ಇವುಗಳ ಮೇಲೆ ಉರಿಯುವುದಿಲ್ಲ. ಆರ್50ರ ಶೂ ಹೊಸ ಬಗೆಯದು, ಹಳೇ ಕ್ಯಾನನ್ ಫ್ಲ್ಯಾಶ್ ಕೂರಿಸಲು ಎಡಿ-ಇ1 ಅಡಾಪ್ಟರ್ ಬೇಕು. ಫ್ಲ್ಯಾಶ್ ಕೊಳ್ಳಲು ಹೋಗುವಾಗ ಕ್ಯಾಮೆರಾ ಜೊತೆಗೇ ಒಯ್ಯಿರಿ, ಹಾಕಿ ಹೊಡೆಸಿ ನೋಡಿ, ಆಮೇಲೆ ದುಡ್ಡು ಕೊಡಿ.

ಮೆಮರಿ ಕಾರ್ಡ್ ಸ್ಲಾಟ್ ಒಂದೇ ಇದ್ದರೆ ಏನಾಗುತ್ತದೆ?

ನೂರು ಸಲ ಏನೂ ಆಗುವುದಿಲ್ಲ. ನೂರೊಂದನೇ ಸಲ ನನಗೆ ಆದದ್ದು ಹೇಳುತ್ತೇನೆ.

ಕಸುಬು ಶುರು ಮಾಡಿದ ಮೊದಲ ವರ್ಷ. ಒಂದು ಉಪನಯನ. ಒಬ್ಬನೇ ಹೋಗಿದ್ದೆ, ಒಂದೇ ಬಾಡಿ, ಒಂದೇ 64 ಜಿಬಿ ಕಾರ್ಡ್. ವಟು ಭಿಕ್ಷಾಪಾತ್ರೆ ಹಿಡಿದು ಅಮ್ಮನ ಮುಂದೆ ನಿಂತ. ಅಮ್ಮ ಮೊದಲ ಭಿಕ್ಷೆ ಹಾಕುವಾಗ ಅವರ ಕಣ್ಣು ತುಂಬಿತ್ತು. ಹತ್ತು ಹನ್ನೆರಡು ಫೋಟೋ ತೆಗೆದೆ. ಅದಾಗಿ ಸ್ವಲ್ಪ ಹೊತ್ತಿಗೆ ಪರದೆ ಮೇಲೆ ಕಾರ್ಡ್ ಓದಲಾಗುತ್ತಿಲ್ಲ ಅಂತ ಬಂತು. ಗಾಬರಿಯಲ್ಲಿ ಕಾರ್ಡ್ ತೆಗೆದು ಹಾಕಿ ಮಾಡಿದೆ, ಅದು ಕೇಳಿದ ಹಾಗೆ ಫಾರ್ಮ್ಯಾಟ್ ಒತ್ತಿದೆ, ಅದರ ಮೇಲೇ ಮತ್ತೆ ಫೋಟೋ ತೆಗೆದೆ. ರಾತ್ರಿ ರಿಕವರಿ ಸಾಫ್ಟ್‌ವೇರ್ ಹಾಕಿ ಬೆಳಗಿನವರೆಗೆ ಕೂತೆ. ಅರ್ಧದಷ್ಟು ಫೋಟೋ ವಾಪಸ್ ಬಂದವು. ಭಿಕ್ಷೆಯ ಫೋಟೋ ಒಂದೂ ಬರಲಿಲ್ಲ. ಮರುದಿನ ಅವರ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಮುಂಗಡ ವಾಪಸ್ ಕೊಟ್ಟೆ. ಆ ತಾಯಿ ಬೈಯಲಿಲ್ಲ. ಸುಮ್ಮನೆ ಕೂತರು. ಅದು ಇವತ್ತಿಗೂ ನನ್ನ ಕಣ್ಣಮುಂದೆ ಇದೆ.

ಕಾರ್ಡ್ ಕೈ ಕೊಟ್ಟರೆ ತಕ್ಷಣ ಹೊರಗೆ ತೆಗೆದು ಬದಿಗಿಡಿ. ಫಾರ್ಮ್ಯಾಟ್ ಮಾಡಬೇಡಿ, ಅದರ ಮೇಲೆ ಬರೆಯಬೇಡಿ. ನಾನು ಮಾಡಿದ ತಪ್ಪು ಅದೇ. ದೊಡ್ಡ ಕಾರ್ಡ್ ಒಂದರ ಬದಲು 32 ಜಿಬಿಯ ಮೂರು ಇಟ್ಟುಕೊಳ್ಳಿ, ಒಂದೊಂದು ಶಾಸ್ತ್ರ ಮುಗಿದ ಮೇಲೆ ಬದಲಿಸಿ. ಮುಖ್ಯ ಗಳಿಗೆಯನ್ನು ಎರಡು ಬಾಡಿಯಲ್ಲಿ ತೆಗೆಯಿರಿ, ಎರಡನೆಯದು ಎಷ್ಟೇ ಹಳೆಯದಿರಲಿ. ಮದುವೆಯೇ ಮುಖ್ಯ ಕಸುಬಾಗುತ್ತದೆ ಅಂದರೆ ಮುಂದಿನ ಬಾಡಿ ಎರಡು ಸ್ಲಾಟ್ ಇರುವುದೇ ಆಗಲಿ. ಎಂಟ್ರಿ ಲೆವೆಲ್‌ಗೂ ಅದರ ಮೇಲಿನದಕ್ಕೂ ಇರುವ ದೊಡ್ಡ ವ್ಯತ್ಯಾಸ ನನ್ನ ಕಣ್ಣಿಗೆ ಇದೊಂದೇ.

ಶಟರ್ ಎಷ್ಟು ದಿನ ಬಾಳುತ್ತದೆ?

ಒಂದು ಮದುವೆಗೆ 2,500 ಫೋಟೋ, ವರ್ಷಕ್ಕೆ 40 ಮದುವೆ ಅಂದರೆ 1 ಲಕ್ಷ. ಮೇಲಿನ ದರ್ಜೆಯ ನಿಕಾನ್ ಡಿ7200ರ ಶಟರನ್ನು ಕಂಪನಿ ಪರೀಕ್ಷಿಸಿರುವುದು 1.5 ಲಕ್ಷಕ್ಕೆ, ಡಿ850ರದ್ದು 2 ಲಕ್ಷಕ್ಕೆ. ಎಂಟ್ರಿ ಲೆವೆಲ್ ಬಾಡಿಯಿಂದ ಅಷ್ಟು ನಿರೀಕ್ಷೆ ಮಾಡಬೇಡಿ. ತಿಂಗಳಿಗೆ ಒಂದೆರಡು ಕಾರ್ಯಕ್ರಮ ಮಾಡುವವರು ಇದರ ಚಿಂತೆ ಬಿಡಿ.

ಯಾವ ಕೆಲಸವನ್ನು ಚಿಂತೆಯಿಲ್ಲದೆ ಒಪ್ಪಿಕೊಳ್ಳಬಹುದು?

ವಸ್ತುಗಳ ಫೋಟೋ. ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆ, ಜೇನು ಬಾಟಲಿ, ಅಪ್ಪೆಮಿಡಿ ಉಪ್ಪಿನಕಾಯಿ, ಏನೇ ಇರಲಿ. ಟ್ರೈಪಾಡ್ ಮೇಲೆ ಕ್ಯಾಮೆರಾ, ಐಎಸ್‌ಒ 100, ಎಫ್/8, ಪಕ್ಕದಲ್ಲಿ ತೆಳ್ಳನೆ ಬಿಳಿ ಬಟ್ಟೆ ಕಟ್ಟಿದ ಕಿಟಕಿ. ಹೀಗೆ ತೆಗೆದದ್ದನ್ನೂ ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾದಲ್ಲಿ ತೆಗೆದದ್ದನ್ನೂ ಮೊಬೈಲ್ ಪರದೆಯಲ್ಲಿ ಬೇರೆ ಮಾಡಿ ಹೇಳುವುದು ಬಹಳ ಕಷ್ಟ. ಇಂಥ ಫೋಟೋ ಬೇಕಾದ ಸಣ್ಣ ವ್ಯಾಪಾರಿಗಳು ನಮ್ಮ ತಾಲೂಕಿನಲ್ಲೇ ಎಷ್ಟೋ ಜನ ಇದ್ದಾರೆ. ಹೊಸಬರು ಮದುವೆ ಮದುವೆ ಅಂತ ಓಡುತ್ತಾರೆ, ಈ ಕೆಲಸ ಕೇಳುವವರಿಲ್ಲ.

ಹೋಂಸ್ಟೇ ಫೋಟೋ ಕೂಡ ಹಾಗೇ. ಕೋಣೆ ಕತ್ತಲು, ಕಿಟಕಿ ಆಚೆ ಅಡಿಕೆ ತೋಟ ಬೆಳ್ಳಗೆ ಉರಿಯುತ್ತಿರುತ್ತದೆ. ಕಡಿಮೆ, ಮಧ್ಯಮ, ಹೆಚ್ಚು ಬೆಳಕಿನ ಮೂರು ಫೋಟೋ ತೆಗೆದು ಸೇರಿಸಿ. ಬೆಳಕು ಬದಲಿಸಿ ಮೂರು ತೆಗೆಯುವುದನ್ನು 1500ಡಿ ತಾನೇ ಮಾಡುತ್ತದೆ, ಸೇರಿಸುವುದು ಕಂಪ್ಯೂಟರಿನಲ್ಲಿ. ಬೆಳಗ್ಗೆ ಏಳರ ಒಳಗೆ ತೆಗೆದರೆ ಮೂರು ಬೇಕಾಗುವುದೂ ಇಲ್ಲ. ಪಾಸ್‌ಪೋರ್ಟ್ ಫೋಟೋ, ಶಾಲೆಯ ಗ್ರೂಪ್ ಫೋಟೋ, ಮಕ್ಕಳ ಹುಟ್ಟುಹಬ್ಬ, ಇವಕ್ಕೆಲ್ಲ ಏನೂ ಅಡ್ಡಿಯಿಲ್ಲ.

ಯಕ್ಷಗಾನ ತೆಗೆಯಲು ಆಗುತ್ತಾ?

ಆಗುತ್ತದೆ, ಆದರೆ ಕ್ಯಾಮೆರಾದ ಕೊನೆಯ ಉಸಿರನ್ನೂ ಬಳಸಬೇಕಾಗುತ್ತದೆ. ಧಿಗಿಣ (ಹಾರಿ ಸುತ್ತುವ ಕುಣಿತ) ಹೊಡೆಯುವಾಗ ಚಲನೆಯನ್ನು ಫೋಟೋದಲ್ಲಿ ನಿಲ್ಲಿಸಲು ಶಟರ್ 1/500 ಬೇಕು. ಎಫ್/2.8 ಇಟ್ಟರೂ ಐಎಸ್‌ಒ 6400 ಮುಟ್ಟುತ್ತದೆ, 1500ಡಿಗೆ ಅದೇ ಸಾಮಾನ್ಯ ಮಿತಿ. ಕಾಳು ಕಾಳು ಬರುತ್ತದೆ, ಬರಲಿ. ಹಿನ್ನೆಲೆ ಕಪ್ಪು ಇರುವುದರಿಂದ ಕ್ಯಾಮೆರಾ ಮೋಸಹೋಗಿ ಮುಖವನ್ನು ಬಿಳಿಚಿಸುತ್ತದೆ, ಎಕ್ಸ್‌ಪೋಶರ್ ಒಂದು ಸ್ಟಾಪ್ (ಅಂದರೆ ಅರ್ಧದಷ್ಟು ಬೆಳಕು) ಕಡಿಮೆ ಇಡಿ. ಫ್ಲ್ಯಾಶ್ ಬೇಡವೇ ಬೇಡ. ಕಲಾವಿದರ ಕಣ್ಣಿಗೆ ಹೊಡೆಯುತ್ತದೆ, ರಂಗದ ಬೆಳಕೂ ಸಾಯುತ್ತದೆ.

ಒಂದು ಗುಟ್ಟು ಹೇಳುತ್ತೇನೆ. ಮೇಲೆ ಹಾರಿದ ದೇಹ ತುದಿಯಲ್ಲಿ ಕ್ಷಣ ನಿಂತಂತೆ ಆಗುತ್ತದೆ. ಆಗ ಒತ್ತಿದರೆ 1/250ರಲ್ಲೂ ಚೂಪಾದ ಫೋಟೋ ಸಿಗುತ್ತದೆ. ಆ ಕ್ಷಣ ಯಾವಾಗ ಬರುತ್ತದೆ ಅಂತ ಚಂಡೆ ಹೇಳುತ್ತದೆ. ನಾಲ್ಕು ಆಟ ಕ್ಯಾಮೆರಾ ಇಲ್ಲದೆ ಸುಮ್ನೆ ಕೂತು ನೋಡಿ, ಕಿವಿ ಪಳಗುತ್ತದೆ.

ಕಾಡುಪ್ರಾಣಿ?

ಕಲಿಯಲು ಸಾಕು. ನಸುಕಿನ ಸಫಾರಿ, ದೂರದ ಪ್ರಾಣಿ ಅಂದರೆ ಉದ್ದದ ಲೆನ್ಸೇ ಬಾಡಿಗಿಂತ ಮುಖ್ಯ, ಆ ಲೆನ್ಸ್ ಬಾಡಿಗೆಗೆ ಸಿಗುತ್ತದೆ.

ಫೋಟೋ ಜೊತೆ ವಿಡಿಯೋ ಕೇಳುತ್ತಾರೆ. ಮಾಡಬಹುದಾ?

1500ಡಿ, ಡಿ3500 ಎರಡರಲ್ಲೂ ಮೈಕ್ ಚುಚ್ಚುವ ಜಾಗವಿಲ್ಲ, ವಿಡಿಯೋ ಮಾಡುವಾಗ ಫೋಕಸ್ ಕೂಡ ತೆವಳುತ್ತದೆ. ವಿಡಿಯೋ ಕೆಲಸವೇ ಜಾಸ್ತಿ ಬರುತ್ತದೆ ಅನ್ನುವವರು ಮೊದಲೇ ಝಡ್‌ವಿ-ಇ10 ಅಥವಾ ಆರ್50 ಕಡೆ ಹೋಗಿ. ಒಬ್ಬರೇ ಫೋಟೋ, ವಿಡಿಯೋ ಎರಡನ್ನೂ ಒಪ್ಪಿಕೊಳ್ಳಬೇಡಿ. ಎರಡೂ ಕೆಡುತ್ತವೆ.

ಮಲೆನಾಡು, ಕರಾವಳಿ ಮಳೆಗೆ ಈ ಕ್ಯಾಮೆರಾ ತಡೆಯುತ್ತಾ?

ಎಂಟ್ರಿ ಲೆವೆಲ್ ಬಾಡಿಗಳಲ್ಲಿ ಹೆಚ್ಚಿನವಕ್ಕೆ ನೀರು, ಧೂಳು ತಡೆಯುವ ಸೀಲಿಂಗ್ ಇಲ್ಲ. ಆದರೆ ಮೇಲೆ ಬೀಳುವ ಮಳೆಗಿಂತ ಗಾಳಿಯ ತೇವವೇ ದೊಡ್ಡ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸ ಕಡಿಮೆ ಅಂತ ಕ್ಯಾಮೆರಾವನ್ನು ಬ್ಯಾಗಿನೊಳಗೇ ಬಿಟ್ಟರೆ ದೀಪಾವಳಿ ಹೊತ್ತಿಗೆ ಲೆನ್ಸ್ ಒಳಗೆ ಜೇಡರ ಬಲೆಯಂಥ ಬೂಷ್ಟು ಹಿಡಿದಿರುತ್ತದೆ. ಬೇರೂರಿದರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ನನ್ನ ಮೊದಲ 50 ಎಂಎಂ ಹೋದದ್ದು ಹೀಗೆ.

ಡ್ರೈ ಕ್ಯಾಬಿನೆಟ್ ಕೊಳ್ಳಲಾಗದಿದ್ದರೆ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ನೀಲಿ ಸಿಲಿಕಾ ಜೆಲ್, ಪಕ್ಕದಲ್ಲೊಂದು ತೇವ ಅಳೆಯುವ ಸಣ್ಣ ಮೀಟರ್. ಶೇಕಡ 40ರಿಂದ 50ರ ನಡುವೆ ಇರಲಿ. ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮತ್ತೆ ನೀಲಿಯಾಗುತ್ತದೆ. ಆ ಬಾಣಲೆ ಅಡುಗೆಗೆ ಬೇಡ. ಚರ್ಮದ ಕೇಸಿನಲ್ಲಿ ಲೆನ್ಸ್ ಇಡಬೇಡಿ. ಕೆಲಸ ಇರಲಿ ಬಿಡಲಿ, ವಾರಕ್ಕೊಮ್ಮೆ ತೆಗೆದು ಬಳಸಿ.

ಗಿರಾಕಿ ಸಣ್ಣ ಕ್ಯಾಮೆರಾ ನೋಡಿ ಮುಖ ಮುರಿದರೆ?

ಮುರಿಯುತ್ತಾರೆ. ಮದುಮಗಳ ಅಣ್ಣನ ಕೈಯಲ್ಲಿ ನಿಮ್ಮದಕ್ಕಿಂತ ದೊಡ್ಡ ಕ್ಯಾಮೆರಾ ಇರಬಹುದು. ಮಾತಾಡಲು ಬಂದಾಗಲೇ ಹಳೇ ಕೆಲಸದ ಅಚ್ಚಾದ ಆಲ್ಬಂ ಕೈಗೆ ಕೊಡಿ, ಯಾವ ಕ್ಯಾಮೆರಾದಲ್ಲಿ ತೆಗೆದದ್ದು ಅಂತ ನೇರ ಹೇಳಿ. ಒಪ್ಪಿದವರು ಒಪ್ಪುತ್ತಾರೆ. ದೊಡ್ಡದು ಕಾಣಲಿ ಅಂತ ಬ್ಯಾಟರಿ ಗ್ರಿಪ್ ಹಾಕುವ ದುಡ್ಡಿಗೆ ಒಂದು ಎಕ್ಸ್‌ಟ್ರಾ ಬ್ಯಾಟರಿ, ಎರಡು ಕಾರ್ಡ್ ಬರುತ್ತವೆ.

ಹೊಸ ಆರ್50 ತಗೊಳ್ಳಲಾ, ಅದೇ ದುಡ್ಡಿಗೆ ಹಳೇ ಫುಲ್ ಫ್ರೇಮ್ ತಗೊಳ್ಳಲಾ?

ಓಡಾಡುವ ಮಕ್ಕಳು, ಜನರ ಮುಖ, ವಿಡಿಯೋ, ಇವು ನಿಮ್ಮ ಕೆಲಸವಾದರೆ ಹೊಸ ಮಿರರ್‌ಲೆಸ್. ಅದು ಕಣ್ಣನ್ನು ತಾನೇ ಹುಡುಕಿ ಹಿಡಿಯುತ್ತದೆ. ಇದು ನಿಜಕ್ಕೂ ದೊಡ್ಡ ಸಹಾಯ, 1500ಡಿಯಲ್ಲಿ ನಾವು ಪಟ್ಟ ಪಾಡು ಇದರಲ್ಲಿಲ್ಲ. ಬ್ಯಾಟರಿ ಮಾತ್ರ ಬೇಗ ಇಳಿಯುತ್ತದೆ, ಮೂರು ಇಟ್ಟುಕೊಳ್ಳಿ.

ಮಂದ ಬೆಳಕಿನ ಮದುವೆಯೇ ಮುಖ್ಯ ಅಂದರೆ ನಾನು ನಿಕಾನ್ ಡಿ750 ಹುಡುಕು ಅನ್ನುತ್ತೇನೆ. 2014ರ ಕ್ಯಾಮೆರಾ, ಆದರೂ ಫುಲ್ ಫ್ರೇಮ್, ಎರಡು ಸ್ಲಾಟ್, ಒಳಗೇ ಫೋಕಸ್ ಮೋಟಾರ್. ಕ್ಯಾನನ್‌ನವರಿಗೆ 5ಡಿ ಮಾರ್ಕ್ 3. 6ಡಿ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರಲ್ಲೂ ಒಂದೇ ಸ್ಲಾಟ್.

ಹಳೆಯದನ್ನು ಕೊಳ್ಳುವಾಗ ಲೆನ್ಸ್ ಹಿಂದಿನಿಂದ ಟಾರ್ಚ್ ಬಿಟ್ಟು ಬೂಷ್ಟು ನೋಡಿ. ಎಫ್/16ರಲ್ಲಿ ಬಿಳಿ ಗೋಡೆಯ ಫೋಟೋ ತೆಗೆದು ಸೆನ್ಸರ್ ಮೇಲಿನ ಕಲೆ ನೋಡಿ. ಶಟರ್ ಎಷ್ಟು ಓಡಿದೆ ಕೇಳಿ. ನಿಕಾನ್‌ನಲ್ಲಿ ಅದು ಫೋಟೋ ಫೈಲ್‌ನಲ್ಲೇ ದಾಖಲಾಗಿರುತ್ತದೆ, ಸುಳ್ಳು ಹೇಳಲಾಗುವುದಿಲ್ಲ. ಫ್ಲ್ಯಾಶ್ ಹಾಕಿ ಹತ್ತು ಸಲ ಹೊಡೆಸಿ. ಬಿಲ್ ಇಲ್ಲದ ಸಾಮಾನು ಮುಟ್ಟಬೇಡಿ.

ಈಗಲೇ ಮದುವೆ ಬಂದಿದೆ, ಎರಡನೇ ಬಾಡಿ ಕೊಳ್ಳಲು ದುಡ್ಡಿಲ್ಲ. ಏನು ಮಾಡಲಿ?

ಬಾಡಿಗೆಗೆ ತನ್ನಿ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ದಿನದ ಲೆಕ್ಕದಲ್ಲಿ ಸಿಗುತ್ತದೆ. ನಿಮ್ಮ ಲೆನ್ಸ್ ಕೂರುವ ಕಂಪನಿಯದ್ದೇ ತನ್ನಿ. ಹಿಂದಿನ ದಿನವೇ ತಂದು ರಾತ್ರಿ ಕೈಯಲ್ಲಿ ಹಿಡಿದು ಬಟನ್ನುಗಳನ್ನು ಪಳಗಿಸಿಕೊಳ್ಳಿ. ಆ ಬಾಡಿಗೆಯನ್ನು ಗಿರಾಕಿಗೆ ಹೇಳುವ ರೇಟಿನಲ್ಲೇ ಸೇರಿಸಿ.

ಯಾವಾಗ ಬಾಡಿ ಬದಲಿಸಬೇಕು ಅಂತ ಗೊತ್ತಾಗುವುದು ಹೇಗೆ?

ಪ್ರತಿ ಕಾರ್ಯಕ್ರಮ ಮುಗಿದ ಮೇಲೆ ಕೆಟ್ಟ ಫೋಟೋಗಳನ್ನೂ ಕೂತು ನೋಡಿ, ಯಾಕೆ ಕೆಟ್ಟಿತು ಅಂತ ಒಂದು ಪುಸ್ತಕದಲ್ಲಿ ಬರೆಯಿರಿ. ನಾನು ಒಂದು ವರ್ಷ ಬರೆದೆ. ಜಾಸ್ತಿ ಸಲ ಬಂದದ್ದು ನಾನು ತಪ್ಪು ಜಾಗದಲ್ಲಿ ನಿಂತಿದ್ದೆ ಅನ್ನುವುದು. ಲೆನ್ಸ್, ಫ್ಲ್ಯಾಶ್ ಎರಡೂ ಇದ್ದು ಫೋಕಸ್ ಸಿಗದೆ ಕೆಟ್ಟವು ಅಂತ ಪುಟ ತುಂಬಿದಾಗ ಹೊಸ ಬಾಡಿ ತಗೊಂಡೆ.

ನಿಮ್ಮ ಹಳೇ 1500ಡಿ ಮಾರಿದಿರಾ?

ಇಲ್ಲ. 24 ಎಂಎಂ ಹಾಕಿಕೊಂಡು ಬ್ಯಾಗಿನಲ್ಲೇ ಇದೆ. ಊಟದ ಪಂಕ್ತಿ, ಚಪ್ಪರದಡಿ ಮಕ್ಕಳು, ಅಡುಗೆ ಭಟ್ಟರು, ಇವೆಲ್ಲ ಈಗಲೂ ಅದರಲ್ಲೇ. ಯಾವ ಉಪನಯನಕ್ಕೆ ಹೋದರೂ ಮೊದಲ ಭಿಕ್ಷೆಯನ್ನು ಅದರಲ್ಲೂ ಎರಡು ಫೋಟೋ ತೆಗೆಯುತ್ತೇನೆ.